ಅರಿಶಿನ ಹಚ್ಚಿದ ಮಂಚ

ಕೊಪ್ಪ
೯ ಫೆಬ್ರವರಿ ೨೦೨೫

ಚಿ. ಸೌ. ಅಮೃತಳಿಗೆ ನಿನ್ನವ್ವ ಯಶೋದಮ್ಮ ಮಾಡುವ ಆಶೀರ್ವಾದ.

ನಾವೆಲ್ಲ ಚೆನ್ನಾಗಿದೀವಿ. ಕೆಂದಹಸ ಈಯ್ತು, ಹೆಣ್ಗರು. ಕಾಗದ ತಡ ಆಯ್ತು ಅಂತ ಮುನಿಸ್ಕೋಬೇಡ ಕಣವ್ವ. ಫೋನು ಮಾಡಿದ್ರೆ ನಿಮ್ಮತ್ತೇನೇ ಎತ್ಕೊಂಡು 'ಅವಳು ಕೆಲ್ಸದಲ್ಲವ್ಳೆ' ಅಂತ ಇಟ್ಬುಡ್ತಾಳೆ. ಅದಕ್ಕೇ ಟೆಂಪೋ ಚಲುವರಾಜು ಕೈಲಿ ಇದನ್ನ ಕಳಿಸ್ತಾ ಇದೀನಿ. ಮುರಿದೋದ ಮಂಚಾನ ನಿಮ್ಮತ್ತೆ ಮನೆಯೋರು ವಾಪಸ್ ಕಳಿಸ್ದಾಗ ನೀನು ಅವನ ಕೈಲಿ ಕೊಟ್ಟ ಚೀಟಿ ಸಿಕ್ತು. ಕೊನೇಲಿ ಒಂದು ಮಾತು ಕೇಳಿದೀಯಲ್ಲ, ಅದಕ್ಕೂ ಹೇಳ್ತೀನಿ. ಮೊದ್ಲು ಮಂಚದ ಸುದ್ದಿ ಕೇಳು.

ಮದುವೇಲಿ ಕೊಟ್ಟ ಮಂಚ ತಿಂಗಳೊಳಗೇ ಮುರೀತು ಅಂತ ನಿಮ್ಮತ್ತೆ ಬೀದಿಯೋರ್ನೆಲ್ಲ ಕರ್ದು ತೋರಿಸಿದ್ಳಂತೆ. ಮಳವಳ್ಳಿಲಿ ನಮ್ಮ ಮಾನ ಮೂರು ಕಾಸಿಗೆ ಹೋಯ್ತು. ಹೊಸದು ಕೊಡದೆ ನೀನು ಆ ಮನೇಲಿ ತಲೆ ಎತ್ತಿ ಬಾಳಂಗಿಲ್ಲ ಅಂತ ನಂಗೊತ್ತಾಯ್ತು. ಸೀದಾ ಮಂಡ್ಯದ ಅಂಗಡಿಗೆ ಮಂಚ ಹೇರ್ಕೊಂಡು ಹೋದೆ.

ಮಾಲೀಕ ಕೂತಲ್ಲಿಂದ ಏಳ್ಲೇ ಇಲ್ಲ. 'ಮಾರಿದ ಮಾಲು ವಾಪಸ್ ಇಲ್ಲ ಕಣಮ್ಮ, ಬಿಲ್ಲಲ್ಲೇ ಅಚ್ಚಾಗಿದೆ' ಅಂದ. 'ತೇಗ ಅಂತ ಕೊಟ್ಯಲ್ಲೋ, ಹುಳ ತಿಂದ ಮರಕ್ಕೆ ಮೇಣ ತುಂಬಿ ಪಾಲೀಷು ಹೊಡ್ದಿದೀಯ, ಹಿಟ್ಟು ಉದುರ್ತದೆ ಬಂದು ನೋಡು' ಅಂದೆ. ಬಗ್ಗಿ ನೋಡ್ದ. ಅವ್ನ ಕಣ್ಣಿಗೆ ಹುಳ ಕಾಣ್ಲಿಲ್ಲ, ಮಂಚದ ಕಾಲಿಗೆ ನಾವು ಹಚ್ಚಿದ್ದ ಅರಿಶಿನ ಕುಂಕುಮ ಕಾಣ್ತು! ನಿನ್ನ ಕಳಿಸೋ ದಿನ ಚಿಕ್ಕಬೋರಮ್ಮ ಸೋಬಾನೆ ಹೇಳ್ತಾ ಹಚ್ಚಿದ್ಳಲ್ಲ, ಅದು. 'ಅರಿಶಿನ ಕುಂಕುಮ ಇಟ್ಟು ಕಳಿಸಿದ್ಮೇಲೆ ಆಯ್ತು. ಮುರೀಲಿ ಬುಡ್ಲಿ, ಹೋದ ಮನೇದೇ' ಅಂದ. ಕೆಲ್ಸದೋರು 'ಗಂಡ ಹೆಂಡ್ತಿ ಅದೇನು ಕುಣಿದ್ರೋ' ಅಂತ ಕಿಸಿಕಿಸಿ ನಕ್ರು. ಅವ್ರ ಬಾಯಿಗೆ ಮಣ್ಣಾಕ! ನಂಗೆ ಮೈಯೆಲ್ಲ ಉರೀತು. ಅಂಗಡಿ ಬಾಗಿಲಿಗೆ ಅಡ್ಡ ಆ ಮಂಚ ಹಾಕಿ ಕೂತ್ಬುಟ್ಟೆ. ಬಂದೋರಿಗೆಲ್ಲ ಹಿಟ್ಟು ಉದುರಿಸಿ ತೋರಿಸ್ದೆ. ಅದಕ್ಕೂ ಮಾಲೀಕ ಜಗ್ಗಲಿಲ್ಲ.

ನಮ್ಮೂರ ಮರಿಸಿದ್ದಯ್ಯನ ಮಗಳು ಮಂಜುಶ್ರೀ ಮಂಡ್ಯದಲ್ಲಿ ಲಾಯರು ಅಲ್ವಾ, ಅವಳನ್ನ ಹುಡುಕ್ಕೊಂಡು ಹೋದೆ. 'ಬಿಲ್ಲಲ್ಲಿ ಬರ್ಕೊಂಡ್ರೆ ಅದು ಕಾನೂನಾಗಲ್ಲ ಯಶೋದಕ್ಕ. ಮಾಲಲ್ಲೇ ದೋಷ ಇದ್ರೆ ವಾಪಸ್ ತಗೋಬೇಕು, ಇಲ್ಲ ಬೇರೇದು ಕೊಡ್ಬೇಕು. ಅರಿಶಿನ ಹಚ್ಚಿದ್ರೂ ಅಷ್ಟೆ, ಬುಟ್ರೂ ಅಷ್ಟೆ' ಅಂದ್ಳು. ನೋಟೀಸು ಕೊಟ್ಳು, ಗ್ರಾಹಕರ ಆಯೋಗಕ್ಕೆ ಎಳೀತೀವಿ ಅಂದ್ಳು. ಆವಾಗ ಮೆತ್ತಗಾದ ನೋಡು. 'ಪಟ್ಟಿ ಹೊಡ್ದು ರಿಪೇರಿ ಮಾಡ್ಕೊಡ್ತೀನಿ' ಅಂತ ಬಂದ. ನಾನು ಬುಟ್ಟೇನಾ? 'ಇವತ್ತು ಪಟ್ಟಿ ಹೊಡೀತೀಯ, ನಾಳೆ ಮತ್ತೆ ಮುರೀತದೆ. ಅದರ ಮೇಲೆ ನನ್ನ ಮಗಳು ಮಲಗ್ಬೇಕಾ' ಅಂದೆ. ಕೊನೆಗೆ ಹೊಸದೇ ಕೊಟ್ಟ, ಅಸಲು ತೇಗ.

ಮಂಜುಶ್ರೀ ಬಸ್ ಸ್ಟ್ಯಾಂಡ್‌ವರೆಗೂ ಬಂದು 'ಅಮೃತ ಹೆಂಗವ್ಳೆ ಅಕ್ಕ' ಅಂತ ಎರಡೆರಡು ಸಲ ಕೇಳಿದ್ಳು. 'ಚೆಂದಾಗವ್ಳೆ' ಅಂದೆ.

ಮಂಚ ಹಗಲೊತ್ತಲ್ಲೇ ಇಳಿಸ್ಕೋ, ಬೀದಿಯೋರೆಲ್ಲ ನೋಡ್ಲಿ. ಈ ಸಲಾನೂ ನಾಕು ಕಾಲಿಗೂ ಅರಿಶಿನ ಕುಂಕುಮ ಹಚ್ಚಿದೀನಿ. ಅಳಿಯಂದಿರಿಗೆ ನಮ್ಮ ನಮಸ್ಕಾರ ಹೇಳು. ಮುತ್ತೈದೆಯಾಗಿ ನೂರ್ಕಾಲ ಬಾಳವ್ವ.

ಇಂತಿ ನಿನ್ನವ್ವ
ಯಶೋದಮ್ಮ

ಮರೆತ ವಿಷಯ: 'ಟೆಂಪೋ ಮತ್ತೆ ಬಂದಾಗ ಅದರಲ್ಲೇ ಮನೆಗೆ ಬಂದ್ಬುಡ್ಲಾ ಅವ್ವ, ಬೆನ್ನು ತೋರಿಸ್ತೀನಿ ನೋಡು' ಅಂತ ಬರ್ದಿದೀಯ. ಬೇಡ. ಅರಿಶಿನ ಕುಂಕುಮ ಇಟ್ಟು ಕಳಿಸಿದ್ಮೇಲೆ ಹೋದ ಮನೆಯೇ ನಿಂದು. ಹೊಸ ಮಂಚ ಬಂತಲ್ಲ, ಇನ್ನು ಅವ್ರು ಕೈ ಎತ್ತಲ್ಲ. ಬೆನ್ನಿಗೆ ಕೊಬ್ಬರಿ ಎಣ್ಣೇಲಿ ಅರಿಶಿನ ಕಲಸಿ ಹಚ್ಕೋ, ಸೆರಗು ಹೊದ್ದಿರು. ಮಂಚ ಇಳಿಸಿ ಖಾಲಿ ಗಾಡಿ ತಗೊಂಡು ಬಾ ಅಂತ ಚಲುವರಾಜುಗೆ ಹೇಳಿದೀನಿ.