ಹಾಳೂರು ದಿಣ್ಣೆಯಲ್ಲಿ ಏನೂ ಇಲ್ಲ

ಮಾನ್ಯ ಅಧಿಕಾರಿಗಳೇ,

ಹಳೆಯ ಕುರುಹುಗಳನ್ನು ಕಾಯುವುದೇ ತಮ್ಮ ಕೆಲಸ. ಅಂಥವರು ಸರ್ಜಾಪುರದ ಪಕ್ಕದ ನಮ್ಮ ಹಾಳೂರು ದಿಣ್ಣೆಯನ್ನು ನೋಡಿಹೋಗಿ, ‘ಸಂರಕ್ಷಣೆಗೆ ಅರ್ಹವಾದ ಯಾವ ಕುರುಹೂ ಕಂಡುಬಂದಿಲ್ಲ’ ಎಂದು ಬರೆದಿದ್ದೀರಿ. ಆ ಒಂದು ಸಾಲಿನ ಬಲದಲ್ಲಿ ಲೇಔಟಿನವರು ದಿಣ್ಣೆಯ ಸುತ್ತ ಕಾಂಪೌಂಡ್ ಎಬ್ಬಿಸುತ್ತಿದ್ದಾರೆ.

ಕಂಡುಬರಲಿಲ್ಲ, ನಿಜ. ಯಾಕೆ ಗೊತ್ತೇ? ಊರಿನಿಂದ ದಿಣ್ಣೆಗೆ ಹೋಗುವ ಬಂಡಿದಾರಿ ಹಾಸುಬಂಡೆಯ ಮೇಲೆ ಹಾಯುತ್ತದೆ. ಎಷ್ಟು ತಲೆಮಾರಿನ ಗಾಲಿಗಳು ಉರುಳಿದ್ದವೋ, ಬಂಡೆಯಲ್ಲಿ ಗೇಣಾಳದ ಎರಡು ಜಾಡು ಬಿದ್ದಿದ್ದವು. ತಾವು ಬರುತ್ತೀರೆಂದು ತಿಳಿದದ್ದೇ ತಡ, ಊರಿಗೆ ಊರೇ ಸಡಗರಪಟ್ಟಿತು. “ಸಾಹೇಬ್ರ ಕಾರು ಕುಲುಕ್ಬಾರ್ದು ಕಣ್ರೋ” ಎಂದು, ಜೆಸಿಬಿ ಇಟ್ಟುಕೊಂಡಿರುವ ನಮ್ಮ ಅಂಬರೀಶಣ್ಣ ಜಾಡಿಗೆಲ್ಲ ಜಲ್ಲಿ ತುಂಬಿ ಕಾಂಕ್ರೀಟ್ ಹಾಕಿಸಿಬಿಟ್ಟ. ಹೆಂಗಸರು ದಿಣ್ಣೆಯ ಮೇಲಿದ್ದ ಕಪ್ಪು-ಕೆಂಪು ಮಡಕೆಚೂರುಗಳನ್ನು ಗುಡಿಸಿ ಕೆರೆಗೆ ಸುರಿದು, ಹಳೇ ಒಲೆಗುಂಡುಗಳನ್ನು ಪಕ್ಕಕ್ಕೆ ಉರುಳಿಸಿ ರಂಗೋಲಿ ಬಿಟ್ಟರು. ನೆಂಟರು ಬರುತ್ತಾರೆಂದರೆ ನಾವು ಮಾಡುವುದು ಅದನ್ನೇ ತಾನೆ? ನಾನು ಶಾಲೆಯಲ್ಲಿ ಪಾಠ ಮುಗಿಸಿ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಹೊಲದ ನಡುವೆ ಹೊಸ ಕಾಂಕ್ರೀಟು ಎಲ್ಲಿಂದ ಬಂತೆಂದು ಅಷ್ಟು ಓದಿದ ತಮಗೆ ಅನುಮಾನವಾದರೂ ಬರಬಾರದೇ? ಎಳನೀರು ಕುಡಿದು, ಹಾರ ಹಾಕಿಸಿಕೊಂಡು, “ಗುಡ್, ನೀಟಾಗಿ ಇಟ್ಕೊಂಡಿದೀರಾ” ಎಂದು ಕಾರು ಹತ್ತಿದಿರಿ. ಪಾಪ, ಅಂಬರೀಶಣ್ಣ ಆ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗಿದ.

ಪ್ಲೇಗು ಬಂದಾಗ ನಮ್ಮ ಹಿರಿಯರು ದಿಣ್ಣೆಯ ಊರು ಬಿಟ್ಟು ಈಗಿನ ಊರಿಗೆ ಬಂದರಂತೆ. ಅವರಿಗಿಂತ ಮುಂಚೆ ಅಲ್ಲಿ ಯಾರಿದ್ದರೆಂದು ಹೇಳಬೇಕಾದವರು ತಾವು. ನಮಗೆ ಗೊತ್ತಿರುವುದಿಷ್ಟೇ: ಸತ್ತವರು ಬಂಡಿದಾರಿ ಹಿಡಿದು ಹಳೇ ಊರಿಗೇ ಹೋಗಿ ಸೇರುತ್ತಾರೆ. ಅದಕ್ಕೇ ಮಾಲಯ ಅಮಾವಾಸ್ಯೆಯಲ್ಲಿ ಮನೆಯಲ್ಲಿ ಎಡೆ ಇಟ್ಟಮೇಲೆ, ಅಲ್ಲಿನ ಒಲೆಗುಂಡುಗಳ ಮುಂದೆಯೂ ಒಂದು ಎಲೆ ಇಡುತ್ತೇವೆ. ನಮ್ಮವ್ವ ಲಕ್ಷ್ಮಮ್ಮನಿಗೂ ಅಲ್ಲೇ ಇಟ್ಟಿದ್ದೇವೆ. ಇದು ಮೂಢನಂಬಿಕೆ ಎನ್ನುತ್ತೀರಿ. ಇರಲಿ, ನಮ್ಮಲ್ಲಿ ಉಳಿದಿರುವುದೂ ಅದೊಂದೇ.

ಮರುಪರಿಶೀಲನೆ ಕೇಳುವ ಹುಚ್ಚು ನನಗಿಲ್ಲ. ತಾವು ಬರೆದದ್ದನ್ನು ತಾವೇ ಹೊಡೆದುಹಾಕುವುದುಂಟೇ? ಬಂಡಿದಾರಿ ಬಂದು ತಾಗುವ ಕಡೆ, ಕಾಂಪೌಂಡಿನಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಸಂದು ಬಿಡಿಸಿ, ಸಾಕು. ಅದೂ ಆಗದಿದ್ದರೆ ಒಮ್ಮೆ ನಮ್ಮ ಮನೆಗೆ ಬನ್ನಿ. ಹಾಸಿಗೆ ಹಿಡಿದಿರುವ ನಮ್ಮಪ್ಪ ಚಿಕ್ಕಬೈರಪ್ಪ ಗೋಡೆಯ ಸುದ್ದಿ ಕೇಳಿದಾಗಿನಿಂದ ಒಂದೇ ಸಮನೆ ಕೇಳುತ್ತಿದ್ದಾರೆ: “ನಿಮ್ಮವ್ವನ ತಾವ್ಕೆ ನಾನ್ ಎಂಗವ್ವ ಓಗ್ಲಿ?”

ಅವರ ಪಕ್ಕ ಕೂತು ತಾವೇ ಹೇಳಿ.

ಇಂತಿ,
ತಾವು ಓದುವುದಿಲ್ಲವೆಂದು ತಿಳಿದೇ ಬರೆದ
ಪದ್ಮಾವತಿ