ಮಂಗಳವಾರದ ಗೂಡ್ಸ್ ರೈಲು

ಕಾರ್ವರ್ ಬೆಂಡ್, ಒಹಾಯೊ
೧೪ ಜೂನ್ ೧೯೭೯, ಗುರುವಾರ

ಪ್ರೀತಿಯ ಅಮ್ಮಾ,

ಆರ್ಡೆಲ್ ದೊಡ್ಡಮ್ಮನ ಸೊಂಟ ಈಗ ಹೇಗಿದೆ? ಕೋಲು ಹಿಡಿದು ಜಗಲಿಯವರೆಗಾದರೂ ನಡೆಯುತ್ತಾಳೆಯೇ? ಅವಳನ್ನು ಒಬ್ಬಳೇ ಎತ್ತಿ ಕೂರಿಸಲು ಹೋಗಿ ನಿನ್ನ ಬೆನ್ನು ಹಾಳುಮಾಡಿಕೊಳ್ಳಬೇಡ. ಮಿಸಿಸಿಪ್ಪಿಯ ಸೆಕೆಗೆ ನಿನ್ನ ಪಾದಗಳು ಊದಿಕೊಳ್ಳುತ್ತವೆ. ಮಲಗುವಾಗ ದಿಂಬಿನ ಮೇಲೆ ಇಟ್ಟುಕೋ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಮೊಮ್ಮಗಳು ರೆನೀಟಾಳ ಮುಂದಿನ ಎರಡು ಹಲ್ಲು ಬಿದ್ದಿವೆ, ಮಾತು ಮಾತ್ರ ಕಡಿಮೆಯಾಗಿಲ್ಲ.

ಈಗ ಕೂತುಕೊಂಡು ಓದು. ನಮ್ಮ ಹಾರ್ಲೋ ರಸ್ತೆ ಶಾಲೆಯನ್ನು ಮುಚ್ಚುವುದಿಲ್ಲ. ಮೊನ್ನೆ ಮಂಗಳವಾರ ಶಾಲಾ ಮಂಡಳಿಯಲ್ಲಿ ಮತಕ್ಕೆ ಹಾಕಿದರು: ಉಳಿಸಲು ನಾಲ್ಕು, ಮುಚ್ಚಲು ಮೂರು. ನೀನು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಬನ್ ಬೇಯಿಸಿದ ಒಲೆ ಸೆಪ್ಟೆಂಬರಿನಲ್ಲಿ ಮತ್ತೆ ಉರಿಯುತ್ತದೆ.

ಊರಿಗೆ ಹೊರಡುವಾಗ ಬಸ್ಸಿನ ಬಾಗಿಲಲ್ಲಿ ನಿಂತು, "ಅವರು ತೀರ್ಮಾನ ಮಾಡಿ ಆದ್ಮೇಲೇನೇ ನಮ್ಮನ್ನ ಕೇಳೋದು. ಅಲ್ಲಿ ಹೋಗಿ ಮರ್ಯಾದೆ ಕಳ್ಕೋಬೇಡ" ಎಂದಿದ್ದೆಯಲ್ಲ, ನಾನು ನಿನ್ನ ಮಾತು ಕೇಳಲಿಲ್ಲ. ಮೇ ತಿಂಗಳ ಸಭೆಗೆ ಲಾಂಡ್ರಿಯ ಸಮವಸ್ತ್ರದಲ್ಲೇ ಹೋದೆ. ಜಿಲ್ಲೆಯ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಪ್ರ್ಯಾಟ್ ಸಾಹೇಬರು ಗೋಡೆಗೆ ನಕಾಶೆ ಅಂಟಿಸಿ, ಬಾಯ್ಲರ್ ಹಳೆಯದು, ಮಕ್ಕಳು ಕಡಿಮೆ, ರೈಲು ಹಳಿಯ ಆಚೆಯ ಲಿಂಡೆನ್ ಶಾಲೆ ಬರೀ ಹನ್ನೆರಡು ನಿಮಿಷದ ನಡಿಗೆ ಎಂದರು. ಒಬ್ಬೊಬ್ಬರಿಗೆ ಮೂರು ನಿಮಿಷ ಮಾತನಾಡಲು ಬಿಟ್ಟಿದ್ದರು. ನಾನು ಬರೆದುಕೊಂಡು ಹೋಗಿದ್ದೆ, ಆದರೆ ಎದ್ದು ನಿಂತಾಗ ಅದನ್ನು ಓದಲಿಲ್ಲ. ಕಾಗದ ಮಡಚಿಟ್ಟು ಇಷ್ಟೇ ಹೇಳಿದೆ: "ಬರೋ ಮಂಗಳವಾರ ಬೆಳಿಗ್ಗೆ ಏಳೂವರೆಗೆ ಬನ್ನಿ. ನನ್ನ ಮಗಳ ಜೊತೆ ಲಿಂಡೆನ್‌ಗೆ ನಡೀರಿ. ವಾಚು ಕಟ್ಕೊಂಡು ಬನ್ನಿ." ಮಂಡಳಿಯ ಅಧ್ಯಕ್ಷ ಪ್ರೈನ್ ನಕ್ಕ. "ಅಮ್ಮಾ, ನಮಗೂ ಕೆಲ್ಸ ಇರುತ್ತೆ" ಎಂದ. ಆದರೆ ದಂತವೈದ್ಯರ ಹೆಂಡತಿ, ಮಂಡಳಿಯ ಸದಸ್ಯೆ ಮಿಸೆಸ್ ಲುಂಡ್, "ನಾನು ಬರ್ತೀನಿ" ಎಂದುಬಿಟ್ಟರು. ಹಾರ್ಡ್‌ವೇರ್ ಅಂಗಡಿಯ ವ್ಯಾಂಡರ್‌ಮೀರ್ ಕೂಡ ಒಪ್ಪಿದ. ಶಾಲೆ ಮುಚ್ಚಬೇಕೆಂಬ ಸೂಚನೆಯನ್ನು ಮಂಡಿಸಿದ್ದೇ ಆ ಮನುಷ್ಯ.

ನಾನು ಮಂಗಳವಾರವೇ ಏಕೆ ಹೇಳಿದೆ ಎಂದು ಯಾರೂ ಕೇಳಲಿಲ್ಲ. ರೈಲಿನಲ್ಲಿ ಗಾರ್ಡ್ ಆಗಿದ್ದ ನಮ್ಮ ಪಕ್ಕದ ಮನೆಯ ಎಸಾ ಮಾಮ, "ಕಲ್ಲಿದ್ದಲ ಗಾಡಿ ಮಂಗಳವಾರ ಇಲ್ಲೇ ಬಂದು ಮಲಗುತ್ತೆ ಕಣೇ, ಸಿಗ್ನಲ್ ಸಿಗೋ ತನಕ ಏಳಲ್ಲ" ಎಂದು ಹೇಳಿಕೊಟ್ಟಿದ್ದ.

ಆ ದಿನ ಹಾಗೆಯೇ ಆಯಿತು. ರೈಲ್ವೆ ಗೇಟಿನ ಹತ್ತಿರ ಹೋದರೆ ಎರಡು ಕಡೆಗೂ ಕಣ್ಣು ಹರಿಯುವಷ್ಟು ದೂರ ಡಬ್ಬಿಗಳೇ. ಐದು ನಿಮಿಷ ನಿಂತೆವು, ಹತ್ತು ನಿಮಿಷ ನಿಂತೆವು. ರೆನೀಟಾ ಮಿಸೆಸ್ ಲುಂಡ್ ಅವರ ತೋಳು ಹಿಡಿದು, "ಆಂಟೀ, ಈಜೋಕೆ ಹೋಗುವಾಗ ನಾವು ಕೆಳಗಿಂದಾನೇ ನುಸುಳ್ತೀವಿ. ಮೊದ್ಲು ಬ್ಯಾಗ್ ತಳ್ಳಬೇಕು, ಆಮೇಲೆ ನಾವು" ಎಂದು ಹೇಳಿ, ಬಗ್ಗಿ ತೋರಿಸಲು ಹೊರಟಳು. ಅಮ್ಮಾ, ನನಗೇ ಇದು ಗೊತ್ತಿರಲಿಲ್ಲ. ನಾನು ಹೆಜ್ಜೆ ಇಡುವ ಮೊದಲೇ ವ್ಯಾಂಡರ್‌ಮೀರ್ ಅವಳ ಕಾಲರ್ ಹಿಡಿದು ಹಿಂದಕ್ಕೆಳೆದ. ಅದೇ ಹೊತ್ತಿಗೆ ರೈಲು ಒಮ್ಮೆ ಜಗ್ಗಿತು. ಆ ತುದಿಯಿಂದ ಈ ತುದಿಯವರೆಗೆ ಡಬ್ಬಿಗಳು ಧಡಧಡನೆ ಬಡಿದುಕೊಂಡವು. ಅದು ದಾರಿ ಬಿಡಲು ಮತ್ತೂ ಅರ್ಧ ಗಂಟೆ ಹಿಡಿಯಿತು. ಅವನು ಲಿಂಡೆನ್ ಮುಟ್ಟುವವರೆಗೂ ಅವಳ ಕಾಲರ್ ಬಿಡಲಿಲ್ಲ.

ಮೊನ್ನೆ ಸಭೆಯಲ್ಲಿ ಪ್ರ್ಯಾಟ್ ಸಾಹೇಬರು ಮತ್ತೆ ಹನ್ನೆರಡು ನಿಮಿಷ ಎಂದು ಶುರುಮಾಡಿದರು. ವ್ಯಾಂಡರ್‌ಮೀರ್ ತಲೆ ಎತ್ತದೆಯೇ, "ಐವತ್ಮೂರು. ನಾನೇ ನೋಡಿದೀನಿ" ಎಂದ. ತನ್ನ ಸೂಚನೆಗೆ ತಾನೇ ವಿರುದ್ಧವಾಗಿ ಕೈ ಎತ್ತಿದ. ಸಭೆಯ ಹಿಂದಿನ ಸಾಲುಗಳಲ್ಲಿ ನಮ್ಮ ಇಡೀ ಬೀದಿಯೇ ಕೂತಿತ್ತು. ಎಸಾ ಮಾಮ ಟೋಪಿ ತೆಗೆದು ಮುಖ ಮುಚ್ಚಿಕೊಂಡು ಅತ್ತ. ಎಲ್ಲವೂ ಸಿಗಲಿಲ್ಲ, ಆರನೇ ತರಗತಿಯನ್ನು ಬಸ್ಸಿನಲ್ಲಿ ಹಳಿಯ ಆಚೆಗೇ ಕಳಿಸುತ್ತಾರೆ. ಆದರೆ ನಿನ್ನೆ ಚರ್ಚಿನ ಅಂಗಳದಲ್ಲಿ ಮೀನು ಹುರಿದು ಎಲ್ಲರೂ ಉಂಡೆವು. ನಿನ್ನನ್ನು ಕೇಳದವರಿಲ್ಲ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನಗೆ ರೆನೀಟಾಳಿಂದ ಹಲ್ಲಿಲ್ಲದ ಮುತ್ತು.

ನಿನ್ನ ಮಗಳು,
ವರ್ಲೀನ್

ತಾ.ಕ.: ಅಂಚೆಯವನು ಬೀದಿ ತಿರುವಿನಲ್ಲಿದ್ದಾನೆ, ಬೇಗಬೇಗ ಬರೆಯುತ್ತಿದ್ದೇನೆ. ನವೆಂಬರಿನಲ್ಲಿ ಮಂಡಳಿಗೆ ಚುನಾವಣೆ. ಪ್ರೈನ್ ಎದುರು ನಾನು ನಿಲ್ಲುತ್ತಿದ್ದೇನೆ. ಬಯ್ಯಬೇಡ, ಪೂರ್ತಿ ಓದು. ಅರ್ಜಿಗೆ ಮತದಾರರ ಸಹಿ ಬೇಕು. ನಿನ್ನೆ ಮೀನು ಹುರಿಯುವಲ್ಲೇ ಎಲ್ಲರೂ ಸಾಲಾಗಿ ನಿಂತು ಹಾಕಿದರು. ಹಾಳೆಯ ಎರಡನೇ ಸಾಲಿನಿಂದ ಬರೆಸಿದ್ದೇನೆ. ನಿನ್ನ ಸಹಿ ಅಂಚೆಯಲ್ಲಿ ನಡೆಯುವುದಿಲ್ಲವಂತೆ, ನನ್ನ ಕಣ್ಣೆದುರೇ ಆಗಬೇಕಂತೆ. ಆಗಸ್ಟ್ ಮೊದಲ ವಾರದೊಳಗೆ ಮನೆಗೆ ಬಾ. ದೊಡ್ಡಮ್ಮನನ್ನೂ ಕರೆದುಕೊಂಡು ಬಾ, ಮುಂದಿನ ಕೋಣೆಯನ್ನು ಅವಳಿಗೆಂದು ಖಾಲಿ ಮಾಡಿದ್ದೇನೆ. ಮೊದಲ ಸಾಲಿನಲ್ಲಿ ಬೇರೆಯವರ ಹೆಸರು ಬರೆಸುವುದಿಲ್ಲ.