ಪೆಟ್ಟಿಗೆ ತಿಂದ ಕರೆಂಟು

ಮಂಗಳವಾರ, ಹದಿನಾಲ್ಕು.

ಥೂ. ಮನೆಗೆ ಬಂದು ಎರಡು ಸಲ ಕೈ ತೊಳೆದೆ, ಹೇಸಿಗೆ ಹೋಗಲಿಲ್ಲ.

ಆಫೀಸಿನ ನೆಟ್‌ವರ್ಕ್ ತಂತಿಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆಗೆ ಕರೆಂಟಿನ ಮೀಟರ್ ಹಾಕಿದ್ದೇ ತಪ್ಪಾಯಿತು. ಇನ್ನೂರು ವ್ಯಾಟ್ ತೋರಿಸಿದ್ದೇ ತಡ, ಮ್ಯಾನೇಜರ್ ಕುಣಿದಾಡಿದರು. "ಏನ್ರೀ ಇದು, ಈ ಪೆಟ್ಟಿಗೆ ಇಷ್ಟೊಂದು ತಿನ್ನುತ್ತಾ?"

ಅದು ತಿನ್ನುವುದು ನಲವತ್ತೇ, ಮಿಕ್ಕಿದ್ದನ್ನೆಲ್ಲ ಬಡಿಸುತ್ತದೆ ಎಂದೆ. ನಮ್ಮ ಕ್ಯಾಮೆರಾಗಳಿಗೂ ಫೋನುಗಳಿಗೂ ಬೇರೆ ಪ್ಲಗ್ ಇಲ್ಲ. ನೆಟ್‌ವರ್ಕ್ ತಂತಿಯಲ್ಲೇ ಕರೆಂಟೂ ಹೋಗುತ್ತದೆ. ಉಣ್ಣುವವರನ್ನು ಬಿಟ್ಟು ಬಡಿಸುವವಳನ್ನು ಹೊಟ್ಟೆಬಾಕಿ ಎಂದರೆ ಹೇಗೆ?

"ಹಾಗಾದ್ರೆ ಒಬ್ಬರನ್ನ ಪಂಕ್ತಿಯಿಂದ ಎಬ್ಬಿಸಿ."

ಅವರ ಕಾರೊಂದನ್ನೇ ಕಾಯುವ ಕ್ಯಾಮೆರಾ ಹನ್ನೆರಡು ವ್ಯಾಟ್ ನುಂಗುತ್ತದೆ. ಅದರ ತಂತಿಗೆ ಕೈ ಹಾಕಿದೆ. ಅವರು ತೋರಿಸಿದ್ದು ಗೇಟಿನ ಕಾವಲುಗಾರನ ಫೋನನ್ನು. "ಅವನಿಗ್ಯಾಕ್ರೀ ಫೋನು? ಕೂಗಿದ್ರೆ ಕೇಳ್ಸುತ್ತೆ."

ಕಿತ್ತೆ. ಮೀಟರ್ ಮೂರು ವ್ಯಾಟ್ ಇಳಿಯಿತು. "ನೋಡಿದ್ರಾ!" ಎಂದು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಅಕೌಂಟೆಂಟ್ ಹಲ್ಲು ಕಿರಿದ.

ಸಂಜೆ ಗೇಟಿನ ಹತ್ತಿರ ಕಾವಲುಗಾರ ಸತ್ತ ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. "ಮಗಳು ಸ್ಕೂಲಿಂದ ಬಂದ ತಕ್ಷಣ ಇದಕ್ಕೇ ಮಾಡ್ತಾಳೆ ಮೇಡಂ. ಒಳಗಿಂದ ಚಿಲಕ ಹಾಕ್ಕೊಂಡೆ ಅಪ್ಪ ಅಂತಾಳೆ. ಅಷ್ಟೇ, ಇಟ್ಟುಬಿಡ್ತಾಳೆ."

ಕಿತ್ತ ಕೈ ನನ್ನದೇ. ಎಷ್ಟು ಸೋಪು ಹಚ್ಚಿದರೇನು?

ನಾಳೆ ಎಲ್ಲರಿಗಿಂತ ಮೊದಲು ಹೋಗಿ ಆ ಫೋನ್ ಸಿಕ್ಕಿಸುತ್ತೇನೆ, ಕಾರಿನ ಕ್ಯಾಮೆರಾ ಕೀಳುತ್ತೇನೆ. ಮೀಟರ್ ಇನ್ನೂ ಕೆಳಗಿಳಿಯುತ್ತದೆ. ಮಹಾಶಯರು ಮತ್ತೆ ಚಪ್ಪಾಳೆ ತಟ್ಟಲಿ, ಇನ್ನೂ ಜೋರಾಗಿ, ಆ ಹಲ್ಲು ಕಿರಿದವನೂ ಸೇರಿಕೊಂಡು.